ನಾಲ್ಕು ಬೊಗಸೆ: ಫಿತ್ರಾದ ಲೆಕ್ಕ



ರಂಜಾನಿನ ಕೊನೆಯ ಹತ್ತು ದಿನಗಳಲ್ಲಿ ನಮ್ಮ ಭಾಗದ ಮಸೀದಿಗಳ ಬಾಗಿಲ ಬಳಿ ಒಂದು ಚೀಟಿ ಅಂಟಿಸಿರುತ್ತಾರೆ. ಈ ವರ್ಷ ಫಿತ್ರಾ ತಲೆಗೆ ಇಷ್ಟು ರೂಪಾಯಿ ಎಂದು ಉರ್ದುವಿನಲ್ಲಿ, ಕೆಲವು ಕಡೆ ಕನ್ನಡದಲ್ಲೂ ಬರೆದಿರುತ್ತದೆ. ನಮ್ಮ ಕಾಲೇಜಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯಿಂದ ರೈಲಿನಲ್ಲೂ, ಚಿಂಚೋಳಿ ಕಡೆಯಿಂದ ಬಸ್ಸಿನಲ್ಲೂ ಮಕ್ಕಳು ಬರುತ್ತಾರೆ. ಅವರ ಜೊತೆಗೆ ಆ ಚೀಟಿಗಳ ಸುದ್ದಿಯೂ ಬರುತ್ತದೆ. ಅಂಕಿಗಳು ಕೂಡುವುದಿಲ್ಲ. ಊರಿಂದ ಊರಿಗೆ ಬೇರೆ ಇದ್ದರೆ ಸಂತೆಯ ಧಾರಣೆ ಬೇರೆ ಎನ್ನಬಹುದು. ಆದರೆ ಒಂದೇ ಊರಿನ ಒಂದೇ ಬಜಾರಿನ ಎರಡು ಮಸೀದಿಗಳಲ್ಲಿ ಎರಡು ಅಂಕಿ ಇರುತ್ತವೆ. ಆಗ ನನ್ನ ತರಗತಿಯಲ್ಲಿ ತಪ್ಪದೆ ಬರುವ ಪ್ರಶ್ನೆ: "ಸರ್, ಇದರಾಗ ಯಾವುದು ಖರೇ?"

ಮೊದಲೇ ಹೇಳಿಬಿಡುತ್ತೇನೆ, ನಾನು ಆಲಿಮ್ ಅಲ್ಲ, ಅರ್ಥಶಾಸ್ತ್ರ ಕಲಿಸುವವನು. ಯಾರ ಫಿತ್ರಾ ಸಂದಿತು, ಯಾರದು ಸಲ್ಲಲಿಲ್ಲ ಎಂದು ಹೇಳುವುದು ನಿಮ್ಮ ಮೊಹಲ್ಲಾದ ಮೌಲಾನಾ ಸಾಹೇಬರ ಕೆಲಸ. ಆದರೆ ಆ ಚೀಟಿಯ ಅಂಕಿ ಎಲ್ಲಿಂದ ಬಂತು ಎಂಬುದು ಅಳತೆ, ತೂಕ, ಧಾರಣೆಗಳ ವಿಷಯ. ಅದು ನಮ್ಮ ಪಾಠದೊಳಗೇ ಬರುತ್ತದೆ. ಈ ಲೆಕ್ಕ ಗೊತ್ತಿಲ್ಲದೆ "ಅವರದು ತಪ್ಪು, ನಮ್ಮದು ಸರಿ" ಎಂದು ಜಗಳಾಡುವವರನ್ನು ನೋಡಿ ಬೇಸರವಾಗಿ ಈ ಬರಹ ಬರೆಯುತ್ತಿದ್ದೇನೆ. ಮುಸ್ಲಿಮರಲ್ಲದ ನಮ್ಮ ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ಓದಬೇಕೆಂಬ ಆಸೆಯಿಂದ ಕೆಲವು ಸಂಗತಿಗಳನ್ನು ಬುಡದಿಂದ ಹೇಳುತ್ತೇನೆ.

ಫಿತ್ರ್ ಎಂದರೆ ಉಪವಾಸ ಬಿಡುವುದು. ಇಫ್ತಾರ್ ಎಂಬ ಮಾತಿನ ಬೇರೂ ಅದೇ. ಹಬ್ಬದ ಹೆಸರು ಈದುಲ್ ಫಿತ್ರ್, ಆ ದಿನ ಕೊಡುವ ದಾನದ ಹೆಸರು ಸದಕತುಲ್ ಫಿತ್ರ್ ಅಥವಾ ಜಕಾತುಲ್ ಫಿತ್ರ್, ನಮ್ಮ ಬಾಯಲ್ಲಿ ಸುಮ್ಮನೆ ಫಿತ್ರಾ. ಹಬ್ಬಕ್ಕೂ ದಾನಕ್ಕೂ ಒಂದೇ ಹೆಸರು ಎಂಬುದನ್ನು ಗಮನಿಸಿ. ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ, ರಂಜಾನಿನ ಉಪವಾಸ ಕಡ್ಡಾಯವಾಯಿತು. ಫಿತ್ರಾ ವಿಧಿಸಿದ್ದೂ ಅದೇ ವರ್ಷ. ಇದರ ಉದ್ದೇಶ ಎರಡು ಎಂದು ಇಬ್ನ್ ಅಬ್ಬಾಸರ ವರದಿ ಹೇಳುತ್ತದೆ: ಉಪವಾಸದ ದಿನಗಳಲ್ಲಿ ಬಾಯಿಂದ ಬಂದ ಬೇಡದ ಮಾತುಗಳಿಂದ ಉಪವಾಸಿಗನನ್ನು ಶುದ್ಧಗೊಳಿಸುವುದು, ಬಡವನಿಗೆ ಊಟ ಒದಗಿಸುವುದು.

ವಾರ್ಷಿಕ ಜಕಾತಿಗೂ ಫಿತ್ರಾಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜಕಾತ್ ಆಸ್ತಿಯ ಮೇಲೆ ಬೀಳುತ್ತದೆ. ನಗದು, ಚಿನ್ನ, ಬೆಳ್ಳಿ, ವ್ಯಾಪಾರದ ಸರಕಿನ ಮೇಲೆ ನೂರಕ್ಕೆ ಎರಡೂವರೆ. ಫಿತ್ರಾ ಬೀಳುವುದು ತಲೆಯ ಮೇಲೆ. ಮನೆಯಲ್ಲಿ ಆರು ಜನರಿದ್ದರೆ ಆರು ಫಿತ್ರಾ. ಈದಿನ ಬೆಳಗಿನ ಜಾವಕ್ಕೆ ಮುಂಚೆ ಹುಟ್ಟಿದ ಕೂಸಿಗೂ ಹನಫಿ ಪದ್ಧತಿಯಂತೆ ತಂದೆ ಕೊಡಬೇಕು. ಕೂಸು ಉಪವಾಸ ಮಾಡಿರುವುದಿಲ್ಲ, ಆದರೂ ಅದು ಲೆಕ್ಕಕ್ಕೆ ಸೇರುತ್ತದೆ.

ಅಳತೆ

ಪ್ರವಾದಿ ಮುಹಮ್ಮದ್ (ಸ) ಅವರು ಫಿತ್ರಾ ಗೊತ್ತುಮಾಡಿದಾಗ ದೀನಾರ್, ದಿರ್ಹಮ್‌ಗಳಲ್ಲಿ ಹೇಳಲಿಲ್ಲ. ನಾಣ್ಯಗಳು ಆಗಲೂ ಚಲಾವಣೆಯಲ್ಲಿದ್ದವು. ತಲೆಗೆ ಒಂದು ಸಾಅ ಖರ್ಜೂರ ಅಥವಾ ಒಂದು ಸಾಅ ಜವೆಗೋಧಿ (ಬಾರ್ಲಿ) ಎಂದು ಗೊತ್ತುಮಾಡಿದರು. ಅಬೂ ಸಈದ್ ಖುದ್ರಿ ಅವರ ವರದಿಯಲ್ಲಿ ಒಣದ್ರಾಕ್ಷಿ ಮತ್ತು ಒಣಗಿಸಿದ ಗಟ್ಟಿ ಮೊಸರು ಕೂಡ ಸೇರಿವೆ. ಎಲ್ಲವೂ ಒಂದೊಂದು ಸಾಅ.

ಸಾಅ ಎಂದರೇನು? ನಾಲ್ಕು ಮುದ್ದ್ ಸೇರಿದರೆ ಒಂದು ಸಾಅ. ಮುದ್ದ್ ಎಂದರೆ ಸಾಧಾರಣ ಮೈಕಟ್ಟಿನ ಮನುಷ್ಯ ಎರಡೂ ಕೈ ಜೋಡಿಸಿದಾಗ ಹಿಡಿಯುವಷ್ಟು. ಕನ್ನಡದಲ್ಲಿ ಇದಕ್ಕೆ ಅಚ್ಚುಕಟ್ಟಾದ ಮಾತಿದೆ, ಬೊಗಸೆ. ಒಂದು ಸಾಅ ಎಂದರೆ ನಾಲ್ಕು ಬೊಗಸೆ. ತಕ್ಕಡಿ ಇಲ್ಲದವನೂ ಅಳೆಯಬಲ್ಲ ಅಳತೆ ಇದು. ಜಗಳವೆಲ್ಲ ಹುಟ್ಟುವುದು ಈ ಬೊಗಸೆಯನ್ನು ಕಿಲೋಗ್ರಾಮಿಗೆ ತಿರುಗಿಸುವಾಗ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಇರಾಕಿನ ಕೂಫಾದಲ್ಲಿ ಸಾಅ ಎಂದರೆ 8 ರತ್ಲ್ ಎಂದು ಲೆಕ್ಕವಿತ್ತು, ಇಮಾಂ ಅಬೂ ಹನೀಫಾ ಅದನ್ನೇ ಹಿಡಿದರು. ಮದೀನಾದಲ್ಲಿ ಅದು ಐದೂ ಮೂರನೇ ಒಂದು ರತ್ಲ್. ಅಬೂ ಹನೀಫಾರ ಶಿಷ್ಯ ಅಬೂ ಯೂಸುಫ್ ಅವರು, ಮುಂದೆ ಹಾರೂನ್ ರಶೀದನ ಆಳಿಕೆಯಲ್ಲಿ ಮುಖ್ಯ ಖಾಜಿಯಾದವರು, ಮದೀನಾಕ್ಕೆ ಹೋದಾಗ ಇಮಾಂ ಮಾಲಿಕರೊಂದಿಗೆ ಈ ಮಾತು ಬಂತಂತೆ. ವಾದ ಬೆಳೆಸುವ ಬದಲು ಊರಿನ ಜನ ತಮ್ಮ ತಮ್ಮ ಮನೆಯ ಸಾಅಗಳನ್ನೇ ತಂದು ಮುಂದಿಟ್ಟರು. ಇದು ನನ್ನ ಅಪ್ಪನಿಂದ ಬಂದದ್ದು, ಅವನಿಗೆ ಅವನ ಅಪ್ಪನಿಂದ, ಇದರಲ್ಲೇ ಅಳೆದು ಪ್ರವಾದಿಯವರ ಕಾಲದಲ್ಲಿ ಫಿತ್ರಾ ಕೊಟ್ಟಿದ್ದರು ಎಂದು ಒಬ್ಬೊಬ್ಬರೂ ಹೇಳಿದರು. ಅಬೂ ಯೂಸುಫ್ ಅಳೆದು ನೋಡಿ ಮದೀನಾದ ಲೆಕ್ಕವನ್ನು ಒಪ್ಪಿಕೊಂಡರು ಎಂದು ಗ್ರಂಥಗಳಲ್ಲಿದೆ. ಹನಫಿ ಪದ್ಧತಿಯಲ್ಲಿ ಮಾತ್ರ 8 ರತ್ಲಿನ ಲೆಕ್ಕವೇ ಉಳಿಯಿತು. ನಮ್ಮ ಅಜ್ಜಿಯಂದಿರ ಕಾಲದ ಹಿತ್ತಾಳೆ ಸೇರು, ಅಚ್ಛೇರುಗಳನ್ನು ಅಟ್ಟದಿಂದ ಇಳಿಸಿ ಅಳೆದಂತೆ ಇದು. ಈ ಕಥೆ ನನಗೆ ಬಹಳ ಹಿಡಿಸುತ್ತದೆ. ವಾದವನ್ನು ಪಾತ್ರೆ ತಂದು ಬಗೆಹರಿಸಿದವರು ಅವರು.

(ಅಂದಹಾಗೆ, ಆ ಕಾಲದ ಸುಮಾರಿಗೆ ನಮ್ಮ ನೆಲವನ್ನು ರಾಷ್ಟ್ರಕೂಟರು ಆಳುತ್ತಿದ್ದರು. ಸ್ವಲ್ಪ ಕಾಲದ ಮೇಲೆ ಅವರ ರಾಜಧಾನಿಯಾದ ಮಾನ್ಯಖೇಟ ಎಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಅರಬ್ ಬರಹಗಾರರು ರಾಷ್ಟ್ರಕೂಟ ದೊರೆಯನ್ನು ಬಲ್ಹರಾ ಎಂದೂ ಈ ಊರನ್ನು ಮಾನ್ಕೀರ್ ಎಂದೂ ಕರೆದರು. 10ನೇ ಶತಮಾನದ ಅಲ್ ಮಸೂದಿ, ಬಲ್ಹರಾನ ನಾಡಿನಲ್ಲಿ ಮುಸ್ಲಿಮರಿಗೆ ಗೌರವವಿದೆ, ಮಸೀದಿಗಳಿವೆ ಎಂದು ಬರೆದಿದ್ದಾನೆ. ಮಸೀದಿ ಇದ್ದ ಮೇಲೆ ಈದ್ ಇತ್ತು, ಈದ್ ಇದ್ದ ಮೇಲೆ ಯಾರೋ ಫಿತ್ರಾ ಅಳೆದಿರಲೇಬೇಕು. ಇತಿಹಾಸದ ವಿದ್ಯಾರ್ಥಿಗಳು ಈ ಎಳೆ ಹಿಡಿದು ಓದಬಹುದು.)

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿಯ ಹನಫಿ ವಿದ್ವಾಂಸರು ಸಾಅವನ್ನು ತೊಲ, ಸೇರುಗಳಿಗೆ ತಿರುಗಿಸಿದರು. ಗೋಧಿಯಾದರೆ ಅರ್ಧ ಸಾಅ ಸಾಕು ಎಂಬುದು ಹನಫಿ ಮತ. ಅದು ಏಕೆ ಎಂಬುದನ್ನು ಮುಂದೆ ನೋಡೋಣ. ಆ ಅರ್ಧ ಸಾಅಕ್ಕೆ ದೇವಬಂದ್ ಪರಂಪರೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಲೆಕ್ಕ 140 ತೊಲ. 80 ತೊಲಕ್ಕೆ ಒಂದು ಸೇರು, ಆದ್ದರಿಂದ 140 ತೊಲ ಎಂದರೆ ಒಂದೂ ಮುಕ್ಕಾಲು ಸೇರು. ನಿಮ್ಮ ಮನೆಯ ಹಿರಿಯರು "ಪೌಣೆ ದೋ ಸೇರ್ ಗೇಹೂಂ" ಎನ್ನುವುದು ಇದನ್ನೇ. 1958ರ ಅಕ್ಟೋಬರದಿಂದ ದೇಶದಲ್ಲಿ ಮೆಟ್ರಿಕ್ ತೂಕ ಬಂತು. ತೊಲಕ್ಕೆ 11.664 ಗ್ರಾಂ ಹಿಡಿದು 140ರಿಂದ ಗುಣಿಸಿ. 1,632.96 ಗ್ರಾಂ ಬರುತ್ತದೆ, ಅಂದರೆ 1 ಕೆಜಿ 633 ಗ್ರಾಂ. ಒಂದು ಮಸೀದಿಯ ಚೀಟಿಯ ಹಿಂದೆ ಇರುವ ಅಂಕಿ ಇದು.

ಇನ್ನೊಂದು ಮಸೀದಿಯವರು 2 ಕೆಜಿ 45 ಗ್ರಾಂ ಎನ್ನುತ್ತಾರೆ. ಅದು ಬರೇಲಿಯ ಇಮಾಂ ಅಹ್ಮದ್ ರಝಾ ಖಾನ್ (1856–1921) ಅವರ ಲೆಕ್ಕ. ಅವರ ತರ್ಕ ಹೀಗಿದೆ. ಸಾಅ ಮೂಲತಃ ಪಾತ್ರೆಯ ಅಳತೆ, ತಕ್ಕಡಿಯದಲ್ಲ. ಹದೀಸಿನಲ್ಲಿ ಬಂದಿರುವ ಧಾನ್ಯ ಜವೆಗೋಧಿ. ಆದ್ದರಿಂದ ಅರ್ಧ ಸಾಅ ಜವೆಗೋಧಿ ಹಿಡಿಯುವ ಪಾತ್ರೆಯನ್ನು ಮೊದಲು ಗೊತ್ತುಮಾಡಿಕೊಂಡರು. ಬೆಳ್ಳಿ ರೂಪಾಯಿ ನಾಣ್ಯದ ತೂಕದಲ್ಲಿ ಆ ಜವೆಗೋಧಿ 144 ರೂಪಾಯಿ ತೂಗುತ್ತದೆ. ಅದೇ ಪಾತ್ರೆಗೆ ಗೋಧಿ ತುಂಬಿ ತೂಗಿದರೆ 175 ರೂಪಾಯಿ 8 ಆಣೆ ಬಂತು. ಆ ಕಾಲದ ರೂಪಾಯಿ ನಾಣ್ಯ ಒಂದು ತೊಲ ತೂಗುತ್ತಿತ್ತು. 175.5ನ್ನು 11.664ರಿಂದ ಗುಣಿಸಿದರೆ 2 ಕೆಜಿ 47 ಗ್ರಾಂ, ರೂಢಿಯಲ್ಲಿ 2 ಕೆಜಿ 45 ಗ್ರಾಂ ಎಂದು ನಿಂತಿದೆ.

ಈ ಫರಕು ಬಂದದ್ದು ಎಲ್ಲಿಂದ ಎಂದು ಹೊಳೆಯಿತೇ? ಒಬ್ಬರು ತೂಕದ ದಾರಿ ಹಿಡಿದರು, ಇನ್ನೊಬ್ಬರು ಪಾತ್ರೆಯ ದಾರಿ ಹಿಡಿದರು. ಒಂದೇ ಡಬ್ಬಿಗೆ ಜವೆಗೋಧಿ ತುಂಬಿದಾಗಿನ ತೂಕ ಒಂದು, ಗೋಧಿ ತುಂಬಿದಾಗಿನ ತೂಕ ಇನ್ನೊಂದು. ಜವೆಗೋಧಿಗೆ ಮೇಲೆ ಹೊಟ್ಟಿದೆ, ಕಾಳುಗಳ ನಡುವೆ ಗಾಳಿ ಹೆಚ್ಚು. ಗೋಧಿ ಒತ್ತಾಗಿ ಕೂರುತ್ತದೆ. ಭೌತಶಾಸ್ತ್ರದಲ್ಲಿ ನೀವು ಓದುವ ಸಾಂದ್ರತೆ ಇದೇ. ಎರಡೂ ಚೀಟಿಗಳು ಅದೇ ನಾಲ್ಕು ಬೊಗಸೆಯಿಂದ ಹೊರಟಿವೆ. ಹೆಚ್ಚು ಇರುವ ಅಂಕಿಯನ್ನು ಕೊಟ್ಟರೆ ಬಡವನಿಗೆ ನಾಲ್ಕುನೂರು ಗ್ರಾಂ ಗೋಧಿ ಜಾಸ್ತಿ ಸಿಗುತ್ತದೆ. ಅದಕ್ಕಾಗಿ ಜಗಳವಾಡುವ ಕಾರಣ ನನಗಂತೂ ಕಾಣುವುದಿಲ್ಲ.

ಮೂರನೆಯ ಅಂಕಿಯೂ ಇದೆ. ಅಹ್ಲೆ ಹದೀಸ್ ಮಸೀದಿಗಳಲ್ಲಿ ಮದೀನಾದ ಸಾಅ ಹಿಡಿದು, ಯಾವ ಧಾನ್ಯವಾದರೂ ಪೂರ್ತಿ ಒಂದು ಸಾಅ, ಸುಮಾರು ಎರಡೂವರೆ ಕೆಜಿ ಕೊಡಿ ಎನ್ನುತ್ತಾರೆ. ಶಾಫಿಈ ಪದ್ಧತಿಯಲ್ಲೂ ಊರಿನ ಮುಖ್ಯ ಧಾನ್ಯವನ್ನೇ ಪೂರ್ತಿ ಸಾಅ ಕೊಡಬೇಕು. ಮಂಗಳೂರು, ಭಟ್ಕಳ, ಕಾಸರಗೋಡು ಕಡೆ ಆ ಪದ್ಧತಿಯವರೇ ಹೆಚ್ಚು, ಆದ್ದರಿಂದ ಅಲ್ಲಿ ಫಿತ್ರಾ ಎಂದರೆ ಅಕ್ಕಿ. ನಮ್ಮಲ್ಲಾದರೆ ಜೋಳವಾಗಬೇಕು. ಹನಫಿಯವರು ಜೋಳ ಕೊಡಬಾರದೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಕೊಡಬಹುದು, ಆದರೆ ಹದೀಸಿನಲ್ಲಿ ಹೆಸರಿಸದ ಧಾನ್ಯವಾದ್ದರಿಂದ ಗೋಧಿಯ ಬೆಲೆಗೆ ಸಮನಾದಷ್ಟು ಜೋಳ ಕೊಡಬೇಕು. ಗೋಧಿ ಕೆಜಿಗೆ 40, ಜೋಳ 35 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. 1.633 ಕೆಜಿ ಗೋಧಿಗೆ 65 ರೂಪಾಯಿ 32 ಪೈಸೆ. ಅದನ್ನು 35ರಿಂದ ಭಾಗಿಸಿದರೆ ಹತ್ತಿರ ಹತ್ತಿರ 1 ಕೆಜಿ 866 ಗ್ರಾಂ ಜೋಳ.

ಗೋಧಿಗೆ ಅರ್ಧ ಏಕೆ?

ನನ್ನ ಪ್ರಕಾರ ಇಡೀ ಪಾಠದಲ್ಲಿ ಬಹಳ ಯೋಚನೆ ಮಾಡಬೇಕಾದ ಭಾಗ ಇದು.

ಪ್ರವಾದಿಯವರ ಕಾಲದ ಮದೀನಾದಲ್ಲಿ ದಿನದ ಆಹಾರ ಖರ್ಜೂರ ಮತ್ತು ಜವೆಗೋಧಿ. ಗೋಧಿ ಹೊರಗಿನಿಂದ ಬರಬೇಕು, ದುಬಾರಿ. ಕೆಲವು ದಶಕಗಳ ನಂತರ ಖಲೀಫ ಮುಆವಿಯಾ ಅವರು ಮದೀನಾಕ್ಕೆ ಬಂದಾಗ ಮಿಂಬರಿನ ಮೇಲಿಂದ ಒಂದು ಮಾತು ಹೇಳಿದರು: ಸಿರಿಯಾದ ಎರಡು ಮುದ್ದ್ ಗೋಧಿ ಒಂದು ಸಾಅ ಖರ್ಜೂರಕ್ಕೆ ಸಮ ಎಂದು ತನಗೆ ತೋರುತ್ತದೆ. ಜನ ಅದನ್ನು ಹಿಡಿದರು. ಅಬೂ ಸಈದ್ ಖುದ್ರಿ ಮಾತ್ರ ತಾನು ಮೊದಲು ಕೊಡುತ್ತಿದ್ದಷ್ಟೇ, ಪೂರ್ತಿ ಸಾಅವನ್ನೇ ಕೊಡುವುದಾಗಿ ಹೇಳಿದರು. ಅರ್ಧ ಸಾಅಕ್ಕೆ ಹನಫಿ ವಿದ್ವಾಂಸರು ಬೇರೆ ವರದಿಗಳನ್ನೂ ಆಧಾರ ಕೊಡುತ್ತಾರೆ, ಆ ಚರ್ಚೆ ದೊಡ್ಡದು. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ಮುಆವಿಯಾ ಅವರ ಮಾತು ಒಂದು ವಿನಿಮಯ ದರ. ಗೋಧಿಯ ಬೆಲೆ ಖರ್ಜೂರದ ಎರಡರಷ್ಟು, ಆದ್ದರಿಂದ ಅಳತೆ ಅರ್ಧ.

ನಮ್ಮ ಭಾಗದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನದ ಊಟ ಜೋಳದ ರೊಟ್ಟಿ, ಗೋಧಿ ಬಂದರೆ ಹಬ್ಬಕ್ಕೆ, ಬೀಗರು ಬಂದಾಗ ಹೋಳಿಗೆಗೆ, ಹುಗ್ಗಿಗೆ ಎಂದು ಅವರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಗೋಧಿ ಕೊಡುವುದು ಎಂದರೆ ಆಗ ಒಳ್ಳೆಯದನ್ನು ಕೊಡುವುದು. ಆದರೆ 1960ರ ದಶಕದ ಹಸಿರು ಕ್ರಾಂತಿಯ ನಂತರ ಗೋಧಿ ಅಗ್ಗವಾಯಿತು, ರೇಷನ್ ಅಂಗಡಿಗೂ ಬಂತು. ಖರ್ಜೂರ, ಒಣದ್ರಾಕ್ಷಿಗಳು ಇಲ್ಲಿ ದುಬಾರಿ ಒಣಹಣ್ಣುಗಳಾದವು. ಬೆಲೆಗಳು ತಲೆಕೆಳಗಾದರೂ ಅಳತೆಗಳು ಹಾಗೇ ನಿಂತವು.

ಲೆಕ್ಕ ಮಾಡಿ. ಗೋಧಿ ಕೆಜಿಗೆ 40 ರೂಪಾಯಿ, ಖರ್ಜೂರ 250, ಒಣದ್ರಾಕ್ಷಿ 400 ಎಂದು ಹಿಡಿಯಿರಿ. (ಇವು ಪಾಠಕ್ಕಾಗಿ ಹಿಡಿದ ಅಂಕಿಗಳು, ಇಂದಿನ ಧಾರಣೆ ಅಲ್ಲ.) ಗೋಧಿ ಅರ್ಧ ಸಾಅ, 1.633 ಕೆಜಿ: 65 ರೂಪಾಯಿ 32 ಪೈಸೆ. ಖರ್ಜೂರ ಪೂರ್ತಿ ಸಾಅ, 3.266 ಕೆಜಿ: 816 ರೂಪಾಯಿ 50 ಪೈಸೆ. ಒಣದ್ರಾಕ್ಷಿ ಅಷ್ಟೇ ತೂಕ: 1,306 ರೂಪಾಯಿ 40 ಪೈಸೆ. ಆರು ಜನರ ಮನೆಗೆ ಗೋಧಿಯಲ್ಲಿ 391 ರೂಪಾಯಿ 92 ಪೈಸೆ, ಒಣದ್ರಾಕ್ಷಿಯಲ್ಲಿ 7,838 ರೂಪಾಯಿ 40 ಪೈಸೆ. ಇಪ್ಪತ್ತು ಪಟ್ಟು! ಶರೀಅತ್ತಿನ ಪ್ರಕಾರ ಎರಡೂ ಫಿತ್ರಾವೇ, ಎರಡೂ ಸಲ್ಲುತ್ತವೆ.

ಮಸೀದಿಯ ಚೀಟಿಯಲ್ಲಿ ಬರೆದಿರುವುದು ಸಾಮಾನ್ಯವಾಗಿ ಗೋಧಿಯ ದರ, ಎಂದರೆ ಇದಕ್ಕಿಂತ ಕಡಿಮೆ ಕೊಟ್ಟರೆ ಸಲ್ಲದು ಎಂಬ ಗೆರೆ. ಆದರೆ ಜನ ಅದನ್ನು ಎಲ್ಲರಿಗೂ ಒಂದೇ ಗೊತ್ತುಮಾಡಿದ ದರ ಎಂದು ಓದುತ್ತಾರೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುವವನೂ ಅದನ್ನೇ ಕೊಡುತ್ತಾನೆ, ಅದೇ ಊರಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದವನೂ ಅದನ್ನೇ ಕೊಡುತ್ತಾನೆ. ಹಬ್ಬಕ್ಕೆ ಶೀರ್ ಖುರ್ಮಾಕ್ಕೆಂದು ಬಾದಾಮಿ, ಪಿಸ್ತಾ, ದ್ರಾಕ್ಷಿ ಚೀಲಗಟ್ಟಲೆ ಕೊಳ್ಳುವ ಮನೆಯವರು ಫಿತ್ರಾದ ಹೊತ್ತಿಗೆ ಗೋಧಿ ತಿನ್ನುವವರಾಗಿಬಿಡುತ್ತಾರೆ ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು. ನಗಲಿ ಎಂದೇ ಹೇಳಿದ್ದು. ಇತ್ತೀಚೆಗೆ ಹಲವು ಊರುಗಳ ಸಂಸ್ಥೆಗಳು ಚೀಟಿಯಲ್ಲಿ ಗೋಧಿ, ಜವೆಗೋಧಿ, ಖರ್ಜೂರ, ಒಣದ್ರಾಕ್ಷಿ ನಾಲ್ಕರ ದರವನ್ನೂ ಬರೆಯುತ್ತಿವೆ. ನಮ್ಮ ಐದೂ ಊರುಗಳಲ್ಲಿ ಅದು ರೂಢಿಯಾಗಬೇಕು. ಕೊಡುವವನಿಗೆ ತನ್ನ ಜೇಬಿಗೆ ತಕ್ಕ ಸಾಲನ್ನು ಆರಿಸಿಕೊಳ್ಳುವ ಅವಕಾಶ ಕಣ್ಣಿಗೆ ಕಾಣಬೇಕು.

ಯಾರು ಕೊಡಬೇಕು, ಯಾರಿಗೆ

ಶಾಫಿಈ ಮುಂತಾದ ಪದ್ಧತಿಗಳಲ್ಲಿ ಈದಿನ ಒಂದು ಹಗಲು ಒಂದು ರಾತ್ರಿಗೆ ಬೇಕಾದ ಊಟ ಕಳೆದು ಮಿಕ್ಕಿದ್ದರೆ ಸಾಕು, ಕೊಡಬೇಕು. ಹನಫಿಯಲ್ಲಿ ನಿಸಾಬ್ ಇರಬೇಕು. ನಿಸಾಬ್ ಎಂದರೆ ಐವತ್ತೆರಡೂವರೆ ತೊಲ ಬೆಳ್ಳಿ, 612.36 ಗ್ರಾಂ, ಅಥವಾ ಅಷ್ಟು ಬೆಲೆಯ ಸೊತ್ತು. ಸಾಲ ಮತ್ತು ನಿತ್ಯದ ಅಗತ್ಯ ಕಳೆದು ಉಳಿಯಬೇಕು. ಜಕಾತಿನಂತೆ ವರ್ಷ ತುಂಬಬೇಕೆಂಬ ಷರತ್ತು ಇಲ್ಲ, ವ್ಯಾಪಾರದ ಸರಕೇ ಆಗಬೇಕೆಂದೂ ಇಲ್ಲ.

ನಮ್ಮಲ್ಲಿ ಇದು ತೊಗರಿಯ ಪ್ರಶ್ನೆಯಾಗುತ್ತದೆ. ನಮ್ಮ ಜಿಲ್ಲೆ ತೊಗರಿಯ ಕಣಜ, 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡಿ ಧಾರಣೆ ಏರಲೆಂದು ಚೀಲ ಕಟ್ಟಿಟ್ಟವರು ಎಷ್ಟೋ ಜನ. ಕೈಯಲ್ಲಿ ನಗದು ಇಲ್ಲ, ಆದ್ದರಿಂದ ತಮ್ಮ ಮೇಲೆ ಫಿತ್ರಾ ಇಲ್ಲ ಎಂದು ಕೆಲವರು ತಿಳಿಯುತ್ತಾರೆ. ಲೆಕ್ಕ ಹಾಕೋಣ. 2025–26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಬೆಳ್ಳಿ ಗ್ರಾಮಿಗೆ 100 ರೂಪಾಯಿ ಇದ್ದರೆ ನಿಸಾಬ್ 61,236 ರೂಪಾಯಿ, ಅಂದರೆ ಎಂಟು ಕ್ವಿಂಟಲಿಗೂ ಕಡಿಮೆ ತೊಗರಿ. ಬೆಳ್ಳಿ 200 ಆದರೆ ನಿಸಾಬ್ 1,22,472 ರೂಪಾಯಿ, ಹದಿನೈದು ಕ್ವಿಂಟಲಿಗೂ ಹೆಚ್ಚು. ಅಂದರೆ ಬೆಳ್ಳಿ ಏರಿದಂತೆಲ್ಲ ಕೊಡಬೇಕಾದವರ ಸಂಖ್ಯೆ ಇಳಿಯುತ್ತದೆ. ಹೊಲದಲ್ಲಿ ಏನೂ ಬದಲಾಗದೆ, ಬೆಳ್ಳಿಯ ಪೇಟೆಯಲ್ಲಾದ ಬದಲಾವಣೆಯಿಂದ ಒಬ್ಬ ರೈತ ಕೊಡುವ ಸಾಲಿನಿಂದ ಪಡೆಯುವ ಸಾಲಿಗೆ ಬರಬಹುದು. ಬೆಳೆ ಸಾಲ ಇದ್ದರೆ ಅದನ್ನೂ ಕಳೆಯಬೇಕು ಎಂಬುದನ್ನು ಮರೆಯಬೇಡಿ.

ಪಡೆಯುವವರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ತಂದೆ ತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಗಂಡ ಹೆಂಡತಿ ಇವರಿಗೆ ಕೊಡುವಂತಿಲ್ಲ. ಅವರನ್ನು ಸಾಕುವುದು ಹೇಗೂ ನಿಮ್ಮ ಹೊಣೆ. ಬಡ ಅಣ್ಣ ತಮ್ಮ, ಅಕ್ಕ ತಂಗಿ, ಅತ್ತೆ, ಚಿಕ್ಕಪ್ಪ ಇವರಿಗೆ ಕೊಡಬಹುದು, ಕೊಟ್ಟರೆ ಇನ್ನೂ ಒಳ್ಳೆಯದು. ಮುಸ್ಲಿಮೇತರ ಬಡವರಿಗೆ ಫಿತ್ರಾ ಕೊಡಬಹುದೆಂದು ಇಮಾಂ ಅಬೂ ಹನೀಫಾ ಹೇಳಿದ್ದಾರೆ. ಉಳಿದ ಇಮಾಮರು ಒಪ್ಪಿಲ್ಲ, ಹನಫಿಗಳಲ್ಲೂ ಭಿನ್ನಮತವಿದೆ. ಸಾಮಾನ್ಯ ಸದಕಾಕ್ಕೆ ಇಂಥ ಚರ್ಚೆಯೇ ಇಲ್ಲ, ಅದು ಯಾವ ನೆರೆಮನೆಗೂ ಹೋಗಬಹುದು. ಶೀರ್ ಖುರ್ಮಾದ ಡಬ್ಬಿಯಂತೂ ಹೋಗಿಯೇ ಹೋಗುತ್ತದೆ.

ನಮಾಜಿಗೆ ಮುಂಚೆ

ಫಿತ್ರಾ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದರಲ್ಲೇ ನಮ್ಮವರು ಹೆಚ್ಚು ಸಡಿಲ. ಜನ ಈದ್ಗಾಕ್ಕೆ ಹೊರಡುವ ಮೊದಲು ಕೊಡಬೇಕೆಂದು ಪ್ರವಾದಿಯವರ ಆದೇಶವಿತ್ತು. ನಮಾಜಿನ ಮೊದಲು ಕೊಟ್ಟರೆ ಫಿತ್ರಾ, ನಂತರ ಕೊಟ್ಟರೆ ಅದು ಬೇರೆ ದಾನಗಳಂತೆ ಒಂದು ದಾನ ಎಂದು ಇಬ್ನ್ ಅಬ್ಬಾಸರ ವರದಿಯಲ್ಲಿದೆ. (ಹನಫಿಯಲ್ಲಿ ತಡವಾದರೂ ಹೊಣೆ ತಪ್ಪುವುದಿಲ್ಲ, ಕೊಡಲೇಬೇಕು.) ಕಾರಣ ಸರಳ. ಈದಿನ ಬೆಳಿಗ್ಗೆ ಬಡವನ ಮನೆಯಲ್ಲಿ ಒಲೆ ಹೊತ್ತಬೇಕಾದರೆ ಸಾಮಾನು ಹಿಂದಿನ ದಿನವೇ ಬಂದಿರಬೇಕು. ನಮಾಜ್ ಮುಗಿಸಿ ಹೊರಬರುವಾಗ ಈದ್ಗಾದ ಬಾಗಿಲಲ್ಲಿ ಕೈ ಚಾಚಿ ನಿಂತವರಿಗೆ ಚಿಲ್ಲರೆ ಹಂಚುತ್ತಾ ಬರುತ್ತೇವಲ್ಲ, ಅವರು ಅಲ್ಲಿ ನಿಲ್ಲುವ ಪ್ರಸಂಗವೇ ಬರಬಾರದು ಎಂಬುದಕ್ಕಾಗಿಯೇ ಈ ವ್ಯವಸ್ಥೆ.

ಆದರೆ ಚಾಂದ್ ರಾತ್ ಎಂಬುದು ಒಂದು ರಾತ್ರಿ ಮಾತ್ರ. ಮಗ್ರಿಬ್ ಆದ ಮೇಲೆ ಚಂದ್ರ ಕಂಡ ಸುದ್ದಿ ಬರುತ್ತದೆ, ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೆಳಗಾದರೆ ನಮಾಜು. ಆ ಹೊತ್ತಿನಲ್ಲಿ ಸಂಗ್ರಹ ಮಾಡಿ, ಲೆಕ್ಕ ಬರೆದು, ಮನೆ ಮನೆಗೆ ಮುಟ್ಟಿಸುವುದು ಆಗದ ಮಾತು. ಸಹಾಬಿಗಳು ಒಂದೆರಡು ದಿನ ಮುಂಚೆಯೇ ಕೊಡುತ್ತಿದ್ದರು ಎಂದು ಬುಖಾರಿಯಲ್ಲಿದೆ. ರಂಜಾನಿನ ಜಕಾತಿನ ದಾಸ್ತಾನು ಕಾಯಲು ಪ್ರವಾದಿಯವರು ಅಬೂ ಹುರೈರಾ ಅವರನ್ನು ನೇಮಿಸಿದ್ದರು ಎಂಬ ವರದಿಯೂ ಅಲ್ಲೇ ಇದೆ. ದಾಸ್ತಾನಿಗೆ ಕಾವಲುಗಾರ ಬೇಕಾಗಿದ್ದ ಎಂದರೆ ಧಾನ್ಯವನ್ನು ಮೊದಲೇ ಕೂಡಿಸಿಡುತ್ತಿದ್ದರು ಎಂದಾಯಿತು. ಹನಫಿಯಲ್ಲಿ ರಂಜಾನಿನ ಯಾವ ದಿನವಾದರೂ ಕೊಡಬಹುದು. 20ನೇ ರೋಜಾಕ್ಕೆ ಕೊಟ್ಟುಬಿಟ್ಟರೆ ಹಂಚುವವರಿಗೆ ವಾರದ ಮೇಲೆ ಸಮಯ ಸಿಗುತ್ತದೆ.

ನಮ್ಮ ಭಾಗದಲ್ಲಿ ಈ ವರ್ಷಗಳಲ್ಲಿ ಇದು ಇನ್ನಷ್ಟು ಮುಖ್ಯ. ಚಾಂದ್ರಮಾನ ವರ್ಷ 354 ಅಥವಾ 355 ದಿನ, ಆದ್ದರಿಂದ ಈದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2016ರಲ್ಲಿ ಜುಲೈ 7, 2017ರಲ್ಲಿ ಜೂನ್ 26, 2018ರಲ್ಲಿ ಜೂನ್ 16. ಆಗ ಮುಂಗಾರು ಬಿತ್ತನೆಯ ಕಾಲ. ರೈತನ ಮನೆಯಲ್ಲಿ ಬೀಜ, ಗೊಬ್ಬರಕ್ಕೆ ಸಾಲ, ಆದರೆ ಕೂಲಿಯವನಿಗೆ ಹೊಲದಲ್ಲಿ ಕೆಲಸ. 2024ರಲ್ಲಿ ನಮ್ಮಲ್ಲಿ ಈದ್ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಈಗ ಚಿತ್ರ ಉಲ್ಟಾ ಆಗಿದೆ. ತೊಗರಿ, ಜೋಳದ ರಾಶಿ ಮುಗಿದು ಕೊಡುವವನ ಕೈಯಲ್ಲಿ ಏನಾದರೂ ಇದೆ. ಕೂಲಿಯವನಿಗೆ ಹೊಲದ ಕೆಲಸ ಮುಗಿದಿದೆ, ಬೇಸಿಗೆ ಎದುರಿಗಿದೆ. ಚಿಂಚೋಳಿ, ಸೇಡಂ ಕಡೆಯ ತಾಂಡಾ, ಹಳ್ಳಿಗಳಿಂದ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವುದು ಇದೇ ತಿಂಗಳುಗಳಲ್ಲಿ. ಊರಿನಲ್ಲಿ ಉಳಿಯುವವರು ಮುದುಕರು, ಮಕ್ಕಳು. ಫಿತ್ರಾ ಹಂಚುವ ಯುವಕರು ಪಟ್ಟಿ ಮಾಡುವಾಗ ದೊಡ್ಡವರು ಇಲ್ಲದ, ಬೀಗ ಹಾಕಿದಂತೆ ಕಾಣುವ ಮನೆಗಳನ್ನು ಬಿಟ್ಟುಬಿಡುತ್ತಾರೆ. ಬಾಗಿಲು ಬಡಿದು ನೋಡಿ. 2030ರಲ್ಲಿ ಜನವರಿಯಲ್ಲಿ ಒಂದು ಸಲ, ಡಿಸೆಂಬರಿನಲ್ಲಿ ಇನ್ನೊಂದು ಸಲ ರಂಜಾನ್ ಶುರುವಾಗುತ್ತದೆ. ಆಗ ಈ ಲೆಕ್ಕ ಮತ್ತೆ ಬದಲಾಗುತ್ತದೆ.

ಇನ್ನು ಕಾಳು ಕೊಡಬೇಕೋ ಕಾಸು ಕೊಡಬೇಕೋ ಎಂಬುದು. ಹನಫಿಯಲ್ಲಿ ಬೆಲೆ ಕೊಟ್ಟರೂ ಸಲ್ಲುತ್ತದೆ, ಉಳಿದ ಪದ್ಧತಿಗಳಲ್ಲಿ ಧಾನ್ಯವೇ ಆಗಬೇಕು. ಈ ಚರ್ಚೆ ಹಳೆಯದು ಎಂದುಕೊಳ್ಳಬೇಡಿ. 2023ರ ಜುಲೈಯಲ್ಲಿ ನಮ್ಮ ರಾಜ್ಯ ಸರಕಾರಕ್ಕೆ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದಿದ್ದಾಗ, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಲಾರಂಭಿಸಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ತೀರ್ಮಾನಿಸಿತು. ರೊಕ್ಕ ಬಂದರೆ ಎಣ್ಣೆ, ಬೇಳೆ ತರಬಹುದು ಎಂದವರೂ ಇದ್ದರು, ರೊಕ್ಕ ಗಂಡಸರ ಕೈ ಸೇರಿದರೆ ಮನೆಗೆ ಬರುವುದಿಲ್ಲ, ಅಕ್ಕಿಯೇ ವಾಸಿ ಎಂದ ಹೆಂಗಸರೂ ಇದ್ದರು. ಎರಡೂ ಮಾತನ್ನು ನಮ್ಮ ಓಣಿಯಲ್ಲೇ ಕೇಳಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ಪಡಿತರದ ಅಕ್ಕಿ ಮನೆಯಲ್ಲಿರುವಾಗ ಈದಿನ ಬೆಳಿಗ್ಗೆ ಕೊರತೆಯಾಗುವುದು ಹಾಲು, ಸಕ್ಕರೆ, ಶಾವಿಗೆ, ಎಣ್ಣೆ, ಮಕ್ಕಳ ಬಟ್ಟೆ. ಅದಕ್ಕೆ ಕಾಸೇ ಬೇಕು, ಅದೂ ಅಂಗಡಿ ಮುಚ್ಚುವ ಮುಂಚೆ ಬೇಕು. ಧಾನ್ಯವೇ ಕೊಡಬೇಕೆನ್ನುವವರ ಮಾತಿನಲ್ಲೂ ತೂಕವಿದೆ: ಧಾರಣೆ ಏರಿದರೂ ಕೊಟ್ಟ ಕಾಳು ಕಡಿಮೆಯಾಗುವುದಿಲ್ಲ.

ಮನೆಗೆಲಸ

ಈದ್ ರಜೆ ಮುಗಿಸಿ ಬರುವಾಗ ಮೂರು ಕೆಲಸ ಮಾಡಿಕೊಂಡು ಬನ್ನಿ. ಒಂದು, ಮನೆಯಲ್ಲಿ ಗೋಧಿ, ಜೋಳ, ಅಕ್ಕಿ ಇವುಗಳಲ್ಲಿ ಯಾವುದಾದರೂ ಎರಡನ್ನು ಅಪ್ಪನ ಅಥವಾ ಅಮ್ಮನ ಬೊಗಸೆಯಿಂದ ನಾಲ್ಕು ನಾಲ್ಕು ಸಲ ಅಳೆದು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬರೆದುಕೊಳ್ಳಿ. ಎರಡು, ನಿಮ್ಮ ಊರಿನ ಎರಡು ಅಂಗಡಿಗಳಲ್ಲಿ ಗೋಧಿ, ಜೋಳ, ಖರ್ಜೂರ, ಒಣದ್ರಾಕ್ಷಿಗಳ ದರ ವಿಚಾರಿಸಿ, ನಿಮ್ಮ ಮನೆಯ ತಲೆಗಳಿಗೆ ಮೂರೂ ಲೆಕ್ಕದಲ್ಲಿ ಫಿತ್ರಾ ಎಷ್ಟಾಗುತ್ತದೆ ಎಂದು ಕೋಷ್ಟಕ ಮಾಡಿ. ಐದು ಊರುಗಳ ಕೋಷ್ಟಕ ಒಟ್ಟಿಗಿಟ್ಟು ತರಗತಿಯಲ್ಲಿ ನೋಡೋಣ. ಮೂರು, ಈ ಪ್ರಶ್ನೆಗೆ ಉತ್ತರ ಬರೆಯಿರಿ: ತಂದೆ ರಿಯಾದಿನಲ್ಲಿ ದುಡಿಯುತ್ತಾರೆ, ಚಿಕ್ಕ ಮಕ್ಕಳು ಶಹಾಬಾದಿನಲ್ಲಿ ಅಜ್ಜಿಯ ಹತ್ತಿರ ಇದ್ದಾರೆ. ಮಕ್ಕಳ ಫಿತ್ರಾವನ್ನು ತಂದೆ ಕೊಡುವಾಗ ರಿಯಾದಿನ ಗೋಧಿಯ ದರ ಹಿಡಿಯಬೇಕೋ, ಶಹಾಬಾದಿನದೋ? ಫಿತ್ರಾ ಕೊಡುವವನು ಎಲ್ಲಿದ್ದಾನೋ ಅಲ್ಲಿಯ ದರ ಎಂದು ಹೆಚ್ಚಿನ ಹನಫಿ ವಿದ್ವಾಂಸರು ಹೇಳುತ್ತಾರೆ. ಅವರು ಹಾಗೇಕೆ ಹೇಳಿದರು ಎಂದು ನಿಮ್ಮ ಮಾತಿನಲ್ಲಿ ವಿವರಿಸಿ, ಎರಡೂ ಊರಿನ ದರದಲ್ಲಿ ಲೆಕ್ಕ ಮಾಡಿ ತೋರಿಸಿ. ರಿಯಾಲಿಗೆ ಎಷ್ಟು ರೂಪಾಯಿ ಹಿಡಿದಿರಿ, ಯಾವ ದಿನದ ದರ ಎಂಬುದನ್ನು ಉತ್ತರದ ಮೇಲೆ ತಪ್ಪದೆ ನಮೂದಿಸಿ.